ಹನಿ ಬಿದ್ದ ಜಾಗ ಬೇರೆ, ಸೋರುವ ಜಾಗ ಬೇರೆ: ಹಳೆಯ ಸ್ಪೋರ್ಟ್ಸ್ ಕಾರಿನ ಆಯಿಲ್ ಲೀಕ್ ಹುಡುಕುವುದು ಹೇಗೆ?

ಅಮೆರಿಕದಲ್ಲಿರುವ ನನ್ನ ಸೋದರಮಾವನ ಮಗ, ನನಗೆ ತಮ್ಮನಿದ್ದಂತೆ, ಕಳೆದ ವರ್ಷ ಒಂದು ಹಳೆಯ ಮಜ್ಡಾ ಮಿಯಾಟಾ ಕೊಂಡ. 1991ರ ಮಾಡೆಲ್. ಎರಡೇ ಸೀಟು, ಮೇಲೆ ಮಡಚಿಡಬಹುದಾದ ಬಟ್ಟೆಯ ಹೊದಿಕೆ. ಚಿಕ್ಕಂದಿನಿಂದ ಅವನಿಗೆ ಆ ಕಾರಿನ ಹುಚ್ಚು. ತಂದು ಮೂರು ವಾರ ಆಗಿರಲಿಲ್ಲ, ಗ್ಯಾರೇಜಿನ ನೆಲದ ಮೇಲೆ ಕಪ್ಪು ಕಲೆ ಕಾಣಿಸಿತು. ಮಾರನೇ ದಿನ ಇನ್ನೊಂದು. ಹತ್ತಿರದ ವರ್ಕ್‌ಶಾಪಿಗೆ ಒಯ್ದ. ಅವರು ಕಾರನ್ನು ಮೇಲೆತ್ತಿ, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ, ಎಂಜಿನ್ ಹಿಂದಿನ ದೊಡ್ಡ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಎಂದರು. ನೂರಾರು ಡಾಲರ್ ಖರ್ಚಿನ ಕೆಲಸ ಅದು.

ರಾತ್ರಿ ನನಗೆ ವಿಡಿಯೋ ಕಾಲ್ ಮಾಡಿದ. ಕಾರು ಕೊಂಡದ್ದೇ ತಪ್ಪಾಯಿತಾ ಎನ್ನುವ ಮುಖ. ಒಂದು ವಾರ ತಾಳು, ಮೊದಲು ಎಂಜಿನ್ ತೊಳೆದು ನೋಡೋಣ ಎಂದೆ. ಕೊನೆಗೆ ಸಿಕ್ಕಿದ್ದು ಕೆಲವೇ ಡಾಲರ್ ಬೆಲೆಯ ಒಂದು ರಬ್ಬರ್ ಉಂಗುರ. ಅದು ಇದ್ದದ್ದು ಎಂಜಿನ್‌ನ ತುದಿಯಲ್ಲಿ, ಹನಿ ಬೀಳುತ್ತಿದ್ದ ಜಾಗಕ್ಕಿಂತ ಎಷ್ಟೋ ಮೇಲೆ.

ಇಷ್ಟು ದೂರದ ತಪ್ಪು ಅಂದಾಜು ಹೇಗಾಗುತ್ತದೆ? ಆಯಿಲ್ ಎಂಜಿನ್‌ನಿಂದ ಹೊರಗೆ ಬರುವುದಾದರೂ ಯಾಕೆ? ಹುಡುಕುವ ಸರಿಯಾದ ಕ್ರಮ ಯಾವುದು? ಕಾರಿನ ಬಾನೆಟ್ ಎತ್ತಿ ಅಭ್ಯಾಸವೇ ಇಲ್ಲದವರಿಗೂ ಅರ್ಥವಾಗುವಂತೆ ಹೇಳಲು ಇಲ್ಲಿ ಪ್ರಯತ್ನಿಸುತ್ತೇನೆ.

ಯಾವ ಕಾರು ಇದು?

ಮಿಯಾಟಾ ಜಪಾನಿನ ಹಿರೋಷಿಮಾದಲ್ಲಿ ತಯಾರಾಗುವ ಕಾರು. 1989ರಲ್ಲಿ ಷಿಕಾಗೋ ಮೋಟಾರ್ ಪ್ರದರ್ಶನದಲ್ಲಿ ಮೊದಲು ಕಾಣಿಸಿತು. ಯುರೋಪಿನಲ್ಲಿ ಅದಕ್ಕೆ ಎಂಎಕ್ಸ್-5 ಎಂದು ಹೆಸರು, ಜಪಾನಿನಲ್ಲಿ ಮೊದಲು ಯೂನೋಸ್ ರೋಡ್‌ಸ್ಟರ್ ಎಂದಿತ್ತು. 2016ರ ಹೊತ್ತಿಗೆ ಎಲ್ಲ ಪೀಳಿಗೆಗಳೂ ಸೇರಿ 10 ಲಕ್ಷ ಕಾರು ತಯಾರಾಗಿದ್ದವು. ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಇದು ಬಹಳ ದೊಡ್ಡ ಸಂಖ್ಯೆ. ಭಾರತದಲ್ಲಿ ಮಜ್ಡಾ ಇದನ್ನು ಮಾರಲಿಲ್ಲ. ಆದರೆ ಹೊರದೇಶದಲ್ಲಿರುವವರಿಗೆ ಕಡಿಮೆ ಬೆಲೆಗೆ ಸಿಗುವ ಹಳೆಯ ಸ್ಪೋರ್ಟ್ಸ್ ಕಾರು ಎಂದರೆ ಮೊದಲು ನೆನಪಾಗುವುದು ಇದೇ.

ಮೊದಲ ಪೀಳಿಗೆಯ ಕಾರುಗಳಿಗೆ ಈಗ ಮೂವತ್ತು ವರ್ಷದ ಆಸುಪಾಸು. ಕಬ್ಬಿಣ, ಅಲ್ಯೂಮಿನಿಯಂ ಅಷ್ಟು ಕಾಲ ಸುಲಭವಾಗಿ ಬಾಳುತ್ತವೆ. ರಬ್ಬರ್ ಬಾಳುವುದಿಲ್ಲ. ಆಯಿಲ್ ಲೀಕ್‌ನ ಕಥೆ ಹೆಚ್ಚಿನಂಶ ಆ ರಬ್ಬರಿನ ಕಥೆ.

ಆಯಿಲ್ ಒಳಗೆ ಓಡಾಡುವ ದಾರಿ

ಎಂಜಿನ್‌ನ ತಳದಲ್ಲಿ ಒಂದು ತಟ್ಟೆಯಂಥ ಭಾಗ ಇದೆ. ನಮ್ಮ ಮೆಕ್ಯಾನಿಕ್‌ಗಳು ಅದನ್ನು ಚೇಂಬರ್ ಎನ್ನುತ್ತಾರೆ. ಆಯಿಲ್ ತಂಗುವುದು ಅಲ್ಲಿ. 1.6 ಲೀಟರ್ ಎಂಜಿನ್ನಿನ ಮಿಯಾಟಾದಲ್ಲಿ ಸುಮಾರು ಮೂರೂವರೆ ಲೀಟರ್ ಹಿಡಿಸುತ್ತದೆ. ಎಂಜಿನ್ ಓಡಲು ಶುರುವಾದ ಕೂಡಲೇ ಪಂಪು ಆ ಆಯಿಲ್ಲನ್ನು ಎಳೆದು, ಫಿಲ್ಟರ್ ಮೂಲಕ ದಾಟಿಸಿ, ಸಣ್ಣ ಸಣ್ಣ ಕಾಲುವೆಗಳಲ್ಲಿ ತಳ್ಳುತ್ತದೆ. ತಿರುಗುವ ಭಾಗಗಳ ನಡುವೆ ನುಗ್ಗಿ ಲೋಹಕ್ಕೆ ಲೋಹ ಉಜ್ಜದಂತೆ ನೋಡಿಕೊಳ್ಳುವುದು ಅದರ ಕೆಲಸ. ಒಂದಿಷ್ಟು ಬಿಸಿಯನ್ನೂ ಹೊತ್ತೊಯ್ಯುತ್ತದೆ. ತುದಿಯವರೆಗೆ ಹೋಗಿ, ಅಲ್ಲಿಂದ ತಾನಾಗಿಯೇ ಕೆಳಗೆ ಜಾರಿ ಮತ್ತೆ ಚೇಂಬರ್ ಸೇರುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಮನೆಯ ನೀರಿನ ವ್ಯವಸ್ಥೆಯಲ್ಲಿ ಎರಡು ಬಗೆಯ ಪೈಪ್ ಇರುತ್ತವೆ ಅಲ್ವಾ? ಮೋಟಾರಿನಿಂದ ಟ್ಯಾಂಕಿಗೆ ನೀರು ಏರಿಸುವ ಪೈಪಿನಲ್ಲಿ ಒತ್ತಡ ಇರುತ್ತದೆ. ಬಚ್ಚಲಿನಿಂದ ಹೊರಹೋಗುವ ಪೈಪಿನಲ್ಲಿ ನೀರು ಸುಮ್ನೆ ಇಳಿಜಾರಿನಲ್ಲಿ ಹರಿಯುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಪಂಪಿನಿಂದ ಫಿಲ್ಟರ್ ದಾಟಿ ಬೇರಿಂಗ್‌ವರೆಗೆ ಒತ್ತಡದ ಹಾದಿ. ಮೇಲೆ ತಲುಪಿದ ಮೇಲೆ ಎರಚಾಟದ, ಇಳಿಜಾರಿನ ಹಾದಿ. ಇಳಿಜಾರಿನ ಕಡೆ ಸೋರಿದರೆ ಒಸರುತ್ತದೆ, ಹನಿಯುತ್ತದೆ. ಒತ್ತಡದ ಕಡೆ ಸೋರಿದರೆ ಚಿಮ್ಮುತ್ತದೆ, ಕೆಲವೇ ನಿಮಿಷದಲ್ಲಿ ಚೇಂಬರ್ ಖಾಲಿ ಆಗಬಹುದು. ಎರಡಕ್ಕೂ ಹೆಸರು ಲೀಕ್ ಒಂದೇ, ಅಪಾಯ ಒಂದೇ ಅಲ್ಲ.

ಗ್ಯಾಸ್ಕೆಟ್, ಓ ರಿಂಗ್, ಆಯಿಲ್ ಸೀಲ್

ಎಂಜಿನ್ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಗಟ್ಟಿ ಅಲ್ಲ. ಹಲವು ತುಂಡುಗಳನ್ನು ಬೋಲ್ಟ್ ಹಾಕಿ ಕೂಡಿಸಿದ್ದು. ಕೂಡಿಸಿದ ಕಡೆಯಲ್ಲೆಲ್ಲ ಸಂದು ಉಳಿಯುತ್ತದೆ. ಎರಡು ಲೋಹದ ತುಂಡುಗಳನ್ನು ಎಷ್ಟೇ ನಯ ಮಾಡಿ ಒತ್ತಿದರೂ ಕಣ್ಣಿಗೆ ಕಾಣದ ಕಿಂಡಿ ಇದ್ದೇ ಇರುತ್ತದೆ. ಅದನ್ನು ಮುಚ್ಚಲು ನಡುವೆ ಮೆದುವಾದ ಏನಾದರೂ ಬೇಕು.

ಎರಡು ಚಪ್ಪಟೆ ಭಾಗಗಳ ನಡುವೆ ಇಡುವುದು ಗ್ಯಾಸ್ಕೆಟ್. ಊರ ಕಡೆ ಪ್ಯಾಕಿಂಗ್ ಎಂದೂ ಹೇಳುತ್ತಾರೆ. ದುಂಡನೆಯ ರಂಧ್ರದಲ್ಲಿ ದುಂಡನೆಯ ಭಾಗ ಕೂರುವ ಕಡೆ ಓ ರಿಂಗ್ ಹಾಕುತ್ತಾರೆ. ಹೆಸರೇ ಹೇಳುವಂತೆ ಅದು ಒಂದು ರಬ್ಬರ್ ಬಳೆ. ಇವೆರಡೂ ಅಲುಗಾಡದ ಕಡೆಗೆ ಸಾಕು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ದಂಡ ಎಂಜಿನ್ ಗೋಡೆಯನ್ನು ದಾಟಿ ಹೊರಗೆ ಬರುವ ಕಡೆ ಏನು ಮಾಡುವುದು? ಗಟ್ಟಿಯಾಗಿ ಒತ್ತಿ ಹಿಡಿದರೆ ರಬ್ಬರ್ ಸುಟ್ಟು ಹೋಗುತ್ತದೆ. ಸಡಿಲ ಬಿಟ್ಟರೆ ಆಯಿಲ್ ಹೊರಗೆ ಬರುತ್ತದೆ. ಅಲ್ಲಿಗೆ ಆಯಿಲ್ ಸೀಲ್ ಬೇಕು. ಅದಕ್ಕೆ ತೆಳುವಾದ ರಬ್ಬರ್ ತುಟಿ, ತುಟಿಯ ಹಿಂದೆ ಸುತ್ತಲೂ ಒಂದು ಸಣ್ಣ ಸ್ಪ್ರಿಂಗ್. ತುಟಿ ದಂಡವನ್ನು ಹಗುರವಾಗಿ ಮುಟ್ಟುತ್ತಲೇ ಇರುತ್ತದೆ. ನಡುವೆ ಉಳಿಯುವ ಆಯಿಲ್ಲಿನ ತೆಳುವಾದ ಪದರವೇ ತುಟಿ ಸವೆಯದಂತೆ ಕಾಯುತ್ತದೆ. ಇಷ್ಟು ನಾಜೂಕಿನ ವಸ್ತು ಲಕ್ಷಾಂತರ ಕಿಲೋಮೀಟರ್ ಬಾಳುವುದು ನನಗೆ ಈಗಲೂ ಅಚ್ಚರಿ.

ಇವೆಲ್ಲ ಹಾಳಾಗುವ ಬಗೆ ನಿಮಗೆ ಗೊತ್ತಿರುವುದೇ. ಕುಕ್ಕರಿನ ಗ್ಯಾಸ್ಕೆಟ್ ನೆನಪಿಸಿಕೊಳ್ಳಿ. ಹೊಸದಿದ್ದಾಗ ಮೆತ್ತಗೆ, ಒತ್ತಿದರೆ ತಗ್ಗಿ ಬಿಟ್ಟರೆ ಉಬ್ಬುತ್ತದೆ. ವರ್ಷ ಕಳೆದಂತೆ ಬಿಸಿ ತಿಂದು ತಿಂದು ಗಟ್ಟಿಯಾಗುತ್ತದೆ. ಆಮೇಲೆ ಮುಚ್ಚಳದ ಅಂಚಿನಿಂದ ಆವಿ ಹೋಗಲು ಶುರು. ಎಂಜಿನ್‌ನ ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯುತ್ತದೆ. ಮೂವತ್ತು ವರ್ಷ ಹಾಗೆ ಕಾಯ್ದು, ತಣಿದು, ಮತ್ತೆ ಕಾಯ್ದರೆ ಓ ರಿಂಗ್ ಪ್ಲಾಸ್ಟಿಕ್ಕಿನಂತೆ ಬಿರುಸಾಗುತ್ತದೆ. ದುಂಡಗಿದ್ದ ಅದರ ಅಂಚು ಒತ್ತಿದ ಕಡೆ ಚಪ್ಪಟೆಯಾಗಿ ಹಾಗೆಯೇ ಉಳಿದುಬಿಡುತ್ತದೆ. ಮತ್ತೆ ಉಬ್ಬುವ ಗುಣವೇ ಹೋದ ಮೇಲೆ ಸಂದು ಮುಚ್ಚುವವರು ಯಾರು?

ಸ್ಪೋರ್ಟ್ಸ್ ಕಾರಿಗೆ ಇನ್ನೂ ಎರಡು ಹೊರೆ ಇವೆ. ಇವನ್ನು ಓಡಿಸುವವರು ಎಂಜಿನ್ನನ್ನು ಜಾಸ್ತಿ ಸುತ್ತಿಗೆ ಏರಿಸುತ್ತಾರೆ. ಮಿಯಾಟಾ ನಿಮಿಷಕ್ಕೆ 7000 ಸುತ್ತಿನ ಹತ್ತಿರದವರೆಗೂ ಹೋಗುತ್ತದೆ. ಒಳಗಿನ ಬಿಸಿ, ಒತ್ತಡ ಎರಡೂ ಏರುತ್ತವೆ. ಜೊತೆಗೆ ಇವು ಬಹಳ ಸಲ ದಿನದ ಕಾರುಗಳಲ್ಲ. ಚಳಿಗಾಲವಿಡೀ ಹೊದಿಕೆ ಹೊದ್ದು ಗ್ಯಾರೇಜಿನಲ್ಲಿ ನಿಂತಿರುತ್ತವೆ. ತಿಂಗಳುಗಟ್ಟಲೆ ಆಯಿಲ್ ತಾಗದ ಸೀಲ್ ತುಟಿ ಒಣಗುತ್ತದೆ. ಕಡಿಮೆ ಓಡಿದ ಹಳೆಯ ಕಾರು ಸೋರುವುದಿಲ್ಲ ಎಂದುಕೊಳ್ಳಬೇಡಿ.

ಮೊದಲ ಪ್ರಶ್ನೆ: ಅದು ಎಂಜಿನ್ ಆಯಿಲ್ಲೇ ಹೌದಾ?

ಕಾರಿನ ಹೊಟ್ಟೆಯಲ್ಲಿ ಹರಿಯುವ ದ್ರವ ಒಂದೆರಡಲ್ಲ. ರಾತ್ರಿ ಕಾರಿನ ಕೆಳಗೆ ಅಗಲವಾದ ರಟ್ಟು ಹಾಸಿ. ರಟ್ಟಿನ ಮೇಲೆ ಮುಂದಿನ ಚಕ್ರಗಳ ಜಾಗ ಗುರುತು ಮಾಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಯಾವ ಬಣ್ಣದ್ದು ನೋಡಿ.

ಬಣ್ಣವಿಲ್ಲ, ವಾಸನೆ ಇಲ್ಲ, ಜಿಡ್ಡಿಲ್ಲ ಎಂದರೆ ಏಸಿಯ ನೀರು. ಅದಕ್ಕೆ ಚಿಂತೆ ಬೇಡ. ಹಸಿರೋ ಗುಲಾಬಿಯೋ ಬಣ್ಣ, ಸಿಹಿಯಾದ ವಾಸನೆ ಎಂದರೆ ಎಂಜಿನ್ನನ್ನು ತಣ್ಣಗಿಡುವ ಕೂಲೆಂಟ್. ಅದು ವಿಷ, ಸಾಕುಪ್ರಾಣಿಗಳು ನೆಕ್ಕದಂತೆ ಕೂಡಲೇ ಒರೆಸಿಬಿಡಿ. ಕೆಂಪಗಿದ್ದರೆ ಹೆಚ್ಚಾಗಿ ಪವರ್ ಸ್ಟೀರಿಂಗ್ ಅಥವಾ ಆಟೋಮ್ಯಾಟಿಕ್ ಗೇರ್ ಬಾಕ್ಸಿನದು. ಬ್ರೇಕ್ ಆಯಿಲ್ ತೆಳ್ಳಗೆ, ನಸು ಹಳದಿ ಇರುತ್ತದೆ, ಪೇಂಟಿನ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ. ಮಿಯಾಟಾದ ಕ್ಲಚ್ ಕೆಲಸ ಮಾಡುವುದೂ ಅದೇ ದ್ರವದಿಂದ. ಅದರ ಒಂದು ಸಣ್ಣ ಸಿಲಿಂಡರ್ ಗೇರ್ ಬಾಕ್ಸಿನ ಪಕ್ಕದಲ್ಲೇ ಇದೆ, ಸೋರುವುದರಲ್ಲಿ ಅದಕ್ಕೂ ಹೆಸರಿದೆ. ಗೇರ್ ಆಯಿಲ್ ದಪ್ಪ, ಗಂಧಕದ ಗಬ್ಬು ವಾಸನೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಎಂಜಿನ್ ಆಯಿಲ್ ಹೊಸದಿದ್ದರೆ ಜೇನಿನ ಬಣ್ಣ, ಓಡಿದ್ದಾದರೆ ಕಂದು ಇಲ್ಲವೇ ಕಪ್ಪು. ಬಿಳಿ ಕಾಗದದ ಮೇಲೆ ಒರೆಸಿ, ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ಅದರ ಆಯಿಲ್ಲನ್ನೂ ಪಕ್ಕದಲ್ಲಿ ಒರೆಸಿದರೆ ಹೋಲಿಸಿ ನೋಡಬಹುದು.

ಹಂಚಿನ ಮನೆಯ ಸೋರಿಕೆ

ಮಲೆನಾಡಿನಲ್ಲಿ ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ನಡುಮನೆಯಲ್ಲಿ ಹನಿ ಬೀಳುತ್ತದೆ. ಏಣಿ ಹಾಕಿ ಅದರ ನೇರಕ್ಕೆ ಮೇಲೆ ನೋಡಿದರೆ ಹಂಚು ಗಟ್ಟಿಯಾಗಿಯೇ ಇರುತ್ತದೆ. ಒಡೆದ ಹಂಚು ಎಲ್ಲೋ ಮೇಲೆ, ಮಾಡಿನ ನೆತ್ತಿಯ ಹತ್ತಿರ. ನೀರು ಅಲ್ಲಿ ಒಳಗೆ ಬಂದು, ಹಂಚಿನ ಕೆಳಗಿನ ಪಕಾಸಿ ಮರದ ಮೇಲೆ ಜಾರಿ, ಗಂಟಿದ್ದ ಕಡೆ ನಿಂತು, ಅಲ್ಲಿಂದ ಕೆಳಗೆ ಬೀಳುತ್ತದೆ.

ಎಂಜಿನ್ ಆಯಿಲ್ ಕೂಡ ಹಾಗೆಯೇ ಜಾರುತ್ತದೆ. ಒಂದು ವ್ಯತ್ಯಾಸ ಇದೆ. ಕಾರು ಓಡುವಾಗ ಮುಂದಿನಿಂದ ಗಾಳಿ ಬಡಿಯುತ್ತದೆ. ಅದು ಆಯಿಲ್ಲನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಆಯಿಲ್ ಕೆಳಗೂ ಇಳಿಯುತ್ತದೆ, ಹಿಂದಕ್ಕೂ ಸರಿಯುತ್ತದೆ. ಹುಡುಕುವವರು ಇದರ ಉಲ್ಟಾ ಹೋಗಬೇಕು. ಒದ್ದೆ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಯಾವುದು, ಎಲ್ಲಕ್ಕಿಂತ ಮುಂದಿರುವುದು ಯಾವುದು? ಆ ಜಾಗದ ಹತ್ತಿರವೇ ತಪ್ಪಿತಸ್ಥ ಇರುತ್ತಾನೆ. ಕಾರನ್ನು ಮೇಲೆತ್ತಿ ಕೆಳಗಿನಿಂದ ಮಾತ್ರ ನೋಡಿದರೆ ಕಾಣುವುದು ಪ್ರಯಾಣದ ಕೊನೆ, ಶುರು ಅಲ್ಲ. ನನ್ನ ತಮ್ಮನ ಕಾರಿನಲ್ಲಿ ಆದ ತಪ್ಪೂ ಇದೇ.

ಹಳೆಯ ಎಂಜಿನ್‌ನಲ್ಲಿ ಇನ್ನೊಂದು ತೊಡಕು. ವರ್ಷಗಟ್ಟಲೆಯ ಧೂಳು, ಜಿಡ್ಡು ಸೇರಿ ಎಲ್ಲ ಕಡೆ ಕಪ್ಪು ಪದರ ಕಟ್ಟಿರುತ್ತದೆ. ಯಾವುದು ಹಳೆಯದು, ಯಾವುದು ಇವತ್ತಿನದು ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ಕೆಲಸ ತೊಳೆಯುವುದು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ವೈರಿನ ಜೋಡಣೆಗಳನ್ನು ಪ್ಲಾಸ್ಟಿಕ್ ಚೀಲದಿಂದ ಸುತ್ತಿ. ಜಿಡ್ಡು ಕರಗಿಸುವ ಡೀಗ್ರೀಸರ್ ಸಿಂಪಡಿಸಿ, ಬ್ರಷ್‌ನಲ್ಲಿ ತಿಕ್ಕಿ, ಹಗುರ ನೀರಿನಿಂದ ತೊಳೆಯಿರಿ. ಜೋರು ಒತ್ತಡದ ನೀರು ಬೇಡ, ಅದು ವೈರಿನ ಜೋಡಣೆಯೊಳಗೆ ನುಗ್ಗುತ್ತದೆ. ಕೈ ಹೋಗದ ಕಡೆ ಬ್ರೇಕ್ ಕ್ಲೀನರ್ ಮತ್ತು ಕಾಟನ್ ವೇಸ್ಟ್ ಸಾಕು.

ಒಣಗಿದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ. ಬಾನೆಟ್ ಎತ್ತಿ, ಟಾರ್ಚು ಮತ್ತು ಒಂದು ಸಣ್ಣ ಕನ್ನಡಿ ಹಿಡಿದು ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ಕಾಣಿಸಲಿಲ್ಲವಾ? ಇನ್ನೊಂದಿಷ್ಟು ಓಡಿಸಿ, ಮತ್ತೆ ನೋಡಿ. ಒಂದೇ ಸಲ ಜಾಸ್ತಿ ಓಡಿಸಿ ನೋಡಿದರೆ ಆಯಿಲ್ ಮತ್ತೆ ಎಲ್ಲ ಕಡೆ ಹರಡಿರುತ್ತದೆ, ತೊಳೆದದ್ದು ವ್ಯರ್ಥ.

ಒಸರುವುದು ಬಹಳ ನಿಧಾನವಾಗಿದ್ದರೆ ಎರಡು ಉಪಾಯ ಇವೆ. ತೊಳೆದ ಭಾಗದ ಮೇಲೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ. ಆಯಿಲ್ ಎಲ್ಲಿ ಹುಟ್ಟುತ್ತದೋ ಅಲ್ಲಿಂದ ಬಿಳಿಯ ಮೇಲೆ ಒಂದು ಕಪ್ಪು ಗೆರೆ ಇಳಿಯುತ್ತದೆ. ಇನ್ನೊಂದು ಉಪಾಯ ಯುವಿ ಡೈ. ಇದು ಆಯಿಲ್ಲಿಗೆ ಬೆರೆಸುವ ಒಂದು ಬಣ್ಣ, ಯುವಿ (ಅತಿನೇರಳೆ) ಬೆಳಕು ಬಿದ್ದರೆ ಹೊಳೆಯುತ್ತದೆ. ಸ್ವಲ್ಪ ಸುರಿದು ಅರ್ಧ ಗಂಟೆ ಎಂಜಿನ್ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಸೋರಿದ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ಗ್ಯಾರೇಜಿನ ದೀಪ ಆರಿಸಿ ಮೊದಲ ಸಲ ಅದನ್ನು ನೋಡಿದಾಗ ತಮ್ಮ ಫೋನಿನಲ್ಲಿ ಕೂಗಿಯೇಬಿಟ್ಟ.

ಮಿಯಾಟಾದ ಹಿಂಬದಿಯ ಗುಟ್ಟು

ಅಲ್ಲಿ ಹೊಳೆದದ್ದು ಎಂಜಿನ್ ತಲೆಯ ಹಿಂಬದಿ, ಡ್ಯಾಶ್‌ಬೋರ್ಡಿನ ಮುಂದಿರುವ ಲೋಹದ ಗೋಡೆಯ ಪಕ್ಕ.

ಮೊದಲ ಪೀಳಿಗೆಯ ಮಿಯಾಟಾದಲ್ಲಿ ಅಲ್ಲಿ ಒಂದು ಭಾಗ ಕೂತಿದೆ. ಕ್ಯಾಮ್ ಆಂಗಲ್ ಸೆನ್ಸರ್ ಎಂದು ಅದರ ಹೆಸರು. ಎಂಜಿನ್ ತಲೆಯಲ್ಲಿ ವಾಲ್ವ್ ತೆರೆದು ಮುಚ್ಚುವ ಎರಡು ಉದ್ದ ದಂಡಗಳಿವೆ. ಅವೇ ಕ್ಯಾಮ್ ದಂಡಗಳು. ಅವುಗಳಲ್ಲಿ ಒಂದರ ಹಿಂದಿನ ತುದಿಗೆ ಈ ಸೆನ್ಸರ್ ಸಿಕ್ಕಿಸಿದ್ದಾರೆ. ದಂಡ ಈಗ ಯಾವ ಕೋನದಲ್ಲಿದೆ ಎಂದು ಅದು ಕಾರಿನ ಕಂಪ್ಯೂಟರಿಗೆ ಹೇಳುತ್ತಲೇ ಇರುತ್ತದೆ. ಅದರ ಮೇಲೆ ಸ್ಪಾರ್ಕ್ ಪ್ಲಗ್ ಯಾವಾಗ ಕಿಡಿ ಹಾರಿಸಬೇಕು ಎಂಬುದು ತೀರ್ಮಾನವಾಗುತ್ತದೆ. ಇನ್ನೂ ಹಳೆಯ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಮಾಡುತ್ತಿದ್ದ ಕೆಲಸಕ್ಕೆ ಹತ್ತಿರದ್ದು.

ಸೆನ್ಸರ್ ಎಂಜಿನ್ ತಲೆಯ ರಂಧ್ರದೊಳಗೆ ಕೂರುವ ಕಡೆ ಒಂದು ಓ ರಿಂಗ್ ಇದೆ. ಅದು ಬಿರುಸಾದರೆ ಆಯಿಲ್ ಎಂಜಿನ್‌ನ ಬೆನ್ನಿನ ಮೇಲೆ ಇಳಿಯುತ್ತದೆ. ಹೀಟರಿನ ಪೈಪುಗಳು ಅಲ್ಲೇ ಹಾದುಹೋಗುತ್ತವೆ, ಅವನ್ನೂ ನೆನೆಸುತ್ತದೆ. ಸದಾ ಆಯಿಲ್ಲಿನಲ್ಲಿ ನೆನೆದ ರಬ್ಬರ್ ಪೈಪು ಉಬ್ಬಿ ಮೆದುವಾಗಿ ಬೇಗ ಹಾಳಾಗುತ್ತದೆ. ಅಲ್ಲಿಂದ ಇನ್ನೂ ಕೆಳಗೆ ಇಳಿದು, ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಗಂಟೆಯಾಕಾರದ ಕವಚಕ್ಕೆ ಬಂದು, ಅದರ ತಳದಿಂದ ಹನಿಯುತ್ತದೆ.

ತೊಂದರೆ ಏನೆಂದರೆ, ವರ್ಕ್‌ಶಾಪಿನವರು ಹೇಳಿದ ದೊಡ್ಡ ಸೀಲ್, ಅಂದರೆ ರಿಯರ್ ಮೈನ್ ಸೀಲ್ ಹೋದರೂ ಹನಿ ಬೀಳುವುದು ಇದೇ ಜಾಗದಲ್ಲಿ. ಆ ಸೀಲ್ ಇರುವುದು ಎಂಜಿನ್‌ನ ಮುಖ್ಯ ದಂಡ, ಅಂದರೆ ಕ್ರ್ಯಾಂಕ್, ಹಿಂದೆ ಹೊರಬರುವ ಕಡೆ, ಕ್ಲಚ್ಚಿನ ಮುಂದೆ. ಗೇರ್ ಬಾಕ್ಸಿನ ಮುಂದಿನ ಸೀಲ್ ಸೋರಿದರೂ ಅಲ್ಲಿಗೇ ಬರುತ್ತದೆ, ಆದರೆ ಅದರ ಗಂಧಕದ ವಾಸನೆ ಗುಟ್ಟು ಬಿಟ್ಟುಕೊಡುತ್ತದೆ. ಉಳಿದದ್ದು ಎರಡು: ಮೇಲಿನ ಓ ರಿಂಗ್, ಕೆಳಗಿನ ಸೀಲ್. ಎಂಜಿನ್‌ನ ಬೆನ್ನು ಮೇಲಿನಿಂದಲೇ ಒದ್ದೆಯಾಗಿದ್ದರೆ ಓ ರಿಂಗ್ ಅಥವಾ ಎಂಜಿನ್ ನೆತ್ತಿಯ ಮುಚ್ಚಳದ (ಟ್ಯಾಪೆಟ್ ಕವರಿನ) ಹಿಂದಿನ ಅಂಚು. ಬೆನ್ನು ಒಣಗಿದ್ದು ಕವಚದ ಒಳಗಿನಿಂದ ಮಾತ್ರ ಬರುತ್ತಿದ್ದರೆ ಆಗ ಮೈನ್ ಸೀಲ್ ಮೇಲೆ ಅನುಮಾನ ಪಡಬೇಕು. ಕೈ ಹಿಂದೆ ಹಾಕಿ ಬೆರಳಿಂದ ಮುಟ್ಟಿ ನೋಡಿದರೂ ಅರ್ಧ ಉತ್ತರ ಸಿಗುತ್ತದೆ. ಗೇರ್ ಬಾಕ್ಸ್ ಇಳಿಸುವ ಮೊದಲು ಅಷ್ಟು ಮಾಡಲೇಬೇಕು ಎಂಬುದು ನನ್ನ ಗಟ್ಟಿ ಮಾತು.

ಉಂಗುರ ಬದಲಿಸುವುದು

ಸೆನ್ಸರನ್ನು ಹಿಡಿದಿರುವುದು ಒಂದೇ ಒಂದು ಬೋಲ್ಟ್. 12ರ ಸ್ಪ್ಯಾನರ್ ಸಾಕು. ಆದರೆ ಜಾಗ ಇಕ್ಕಟ್ಟು, ಬೋಲ್ಟ್ ಕಣ್ಣಿಗೆ ಕಾಣುವುದಿಲ್ಲ, ಕೈ ತಡವಿಯೇ ಬಿಚ್ಚಬೇಕು. ತಾಳ್ಮೆ ಬೇಕಾಗುವುದು ಇಲ್ಲಿ.

ಬಿಚ್ಚುವ ಮುಂಚೆ ಮರೆಯಬಾರದ ಒಂದು ಕೆಲಸ ಇದೆ. ಬೋಲ್ಟ್ ಸಡಿಲ ಮಾಡಿದರೆ ಸೆನ್ಸರ್ ಸ್ವಲ್ಪ ಆ ಕಡೆ ಈ ಕಡೆ ತಿರುಗುತ್ತದೆ. ಹಾಗೆ ತಿರುಗಿದಾಗ ಕಿಡಿ ಹಾರುವ ಸಮಯವೇ ಬದಲಾಗುತ್ತದೆ. ಆದ್ದರಿಂದ ಸೆನ್ಸರಿನ ಮೈ ಮತ್ತು ಎಂಜಿನ್ ತಲೆ ಎರಡರ ಮೇಲೂ ಸೇರುವಂತೆ ಪೇಂಟಿನಿಂದ ಒಂದು ಗೆರೆ ಎಳೆಯಿರಿ. ಮತ್ತೆ ಕೂರಿಸುವಾಗ ಗೆರೆಗೆ ಗೆರೆ ಸೇರಬೇಕು.

ವೈರಿನ ಜೋಡಣೆ ಬಿಡಿಸಿ, ಬೋಲ್ಟ್ ತೆಗೆದು, ಸೆನ್ಸರನ್ನು ನಿಧಾನವಾಗಿ ಅತ್ತಿತ್ತ ತಿರುಗಿಸುತ್ತಾ ಹಿಂದಕ್ಕೆ ಎಳೆದರೆ ಬರುತ್ತದೆ. ಕೆಳಗೆ ಒಂದು ಬಟ್ಟೆ ಇಟ್ಟಿರಿ, ಸ್ವಲ್ಪ ಆಯಿಲ್ ಸುರಿಯುತ್ತದೆ. ಹಳೆಯ ಓ ರಿಂಗನ್ನು ಚೂಪಾದ ಕಬ್ಬಿಣದ ಸಾಧನದಿಂದ ಕೆದಕಬೇಡಿ, ಅದು ಕೂರುವ ತೋಡಿಗೆ ಗೀರು ಬಿದ್ದರೆ ಹೊಸ ಉಂಗುರವೂ ಸೋರುತ್ತದೆ. ತಮ್ಮನ ಕಾರಿನಿಂದ ಬಂದ ಉಂಗುರ ಬಗ್ಗಿಸಿದ ಕೂಡಲೇ ಚಟ್ಟನೆ ಎರಡು ತುಂಡಾಯಿತು.

ತೋಡನ್ನು ಒರೆಸಿ, ಹೊಸ ಉಂಗುರಕ್ಕೆ ಬೆರಳಿನಿಂದ ಆಯಿಲ್ ಸವರಿ. ಒಣ ರಬ್ಬರ್ ರಂಧ್ರದೊಳಗೆ ಹೋಗುವಾಗ ತಿರುಚಿಕೊಂಡು ಹರಿಯಬಹುದು. ಬಿಸಿ ತಡೆಯುವ ವೈಟಾನ್ ಜಾತಿಯ ರಬ್ಬರಿನದು ಸಿಕ್ಕರೆ ಒಳ್ಳೆಯದು, ಅದು ಜಾಸ್ತಿ ಬಾಳುತ್ತದೆ. ಸೆನ್ಸರಿನ ತುದಿಯ ಕೊಂಡಿ ನಟ್ಟನಡುವೆ ಇಲ್ಲ, ಸ್ವಲ್ಪ ಪಕ್ಕಕ್ಕಿದೆ. ಬೇಕೆಂದೇ ಹಾಗೆ ಮಾಡಿದ್ದಾರೆ, ಒಂದೇ ರೀತಿಯಲ್ಲಿ ಮಾತ್ರ ಕೂರಲಿ ಅಂತ. ಕೂರದಿದ್ದರೆ ಬಲ ಹಾಕಬೇಡಿ. ಅರ್ಧ ಸುತ್ತು ತಿರುಗಿಸಿ ಮತ್ತೆ ಪ್ರಯತ್ನಿಸಿ.

ಗೆರೆ ಸೇರಿಸಿ ಬೋಲ್ಟ್ ಬಿಗಿದರೆ ಕಾರು ಓಡುತ್ತದೆ. ಆದರೂ ಕಿಡಿಯ ಸಮಯ ನೋಡುವ ಟೈಮಿಂಗ್ ಲೈಟಿನಿಂದ ಒಮ್ಮೆ ಪರೀಕ್ಷಿಸಿದರೆ ಚೆನ್ನ. ಬಾನೆಟ್ ಒಳಗಿನ ಡಯಾಗ್ನೋಸಿಸ್ ಪೆಟ್ಟಿಗೆಯಲ್ಲಿ ಟೆನ್ ಮತ್ತು ಜಿಎನ್‌ಡಿ ಎಂಬ ಎರಡು ತುದಿಗಳನ್ನು ವೈರಿನಿಂದ ಸೇರಿಸಿ, ಬಿಸಿಯಾದ ಎಂಜಿನ್ನನ್ನು ಐಡ್ಲಿಂಗಿನಲ್ಲಿ ಬಿಟ್ಟು ನೋಡಬೇಕು. ಕಾರ್ಖಾನೆ ಹೇಳಿರುವ ಲೆಕ್ಕ 10 ಡಿಗ್ರಿ, ಅಂದರೆ ಪಿಸ್ಟನ್ ನೆತ್ತಿ ತಲುಪಲು ಕ್ರ್ಯಾಂಕ್ ಇನ್ನೂ 10 ಡಿಗ್ರಿ ತಿರುಗಬೇಕಿರುವಾಗ ಕಿಡಿ ಹಾರಬೇಕು.

ಟ್ಯಾಪೆಟ್ ಕವರ್: ಬಿಗಿದಷ್ಟೂ ಒಳ್ಳೆಯದಲ್ಲ

ಎಂಜಿನ್‌ನ ನೆತ್ತಿಯ ಮೇಲಿನ ಮುಚ್ಚಳವೇ ಟ್ಯಾಪೆಟ್ ಕವರ್. ಕೈಗೆ ಸುಲಭವಾಗಿ ಸಿಗುವ ಜಾಗ, ಸೋರುವುದೂ ಬಹಳ ಸಾಮಾನ್ಯ. ಎಕ್ಸಾಸ್ಟ್ ಪೈಪುಗಳ ಕಡೆಗೆ ಸೋರಿದರೆ ಆಯಿಲ್ ಕಾದ ಲೋಹದ ಮೇಲೆ ಬಿದ್ದು ಸುಡುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ವಾಸನೆ, ಬಾನೆಟ್ ಅಂಚಿನಿಂದ ನೀಲಿ ಹೊಗೆ ಕಂಡರೆ ಮೊದಲು ಇಲ್ಲಿ ನೋಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಅದು ಕೂರುವ ಗುಣಿಯಲ್ಲಿ ಆಯಿಲ್ ನಿಂತಿದ್ದರೂ ಕಾರಣ ಇದೇ ಗ್ಯಾಸ್ಕೆಟ್.

ಬಹಳ ಜನ ಇಲ್ಲಿ ಬೋಲ್ಟನ್ನು ಇನ್ನಷ್ಟು ಬಿಗಿದು ಲೀಕ್ ನಿಲ್ಲಿಸಲು ನೋಡುತ್ತಾರೆ. ನಲ್ಲಿಯನ್ನು ಜೋರಾಗಿ ತಿರುಗಿಸಿದಷ್ಟೂ ವಾಷರ್ ಬೇಗ ಸಾಯುತ್ತದೆ ಅಲ್ವಾ, ಹಾಗೆಯೇ ಇದು. ಮಿಯಾಟಾದಲ್ಲಿ ಈ ಬೋಲ್ಟುಗಳಿಗೆ ಬೇಕಾದ ಬಲ 5ರಿಂದ 9 ನ್ಯೂಟನ್ ಮೀಟರ್ ಅಷ್ಟೇ. ಚಕ್ರದ ನಟ್ಟಿಗೆ ಹಾಕುವ ಬಲದ ಹತ್ತನೇ ಒಂದು ಭಾಗವೂ ಇಲ್ಲ. ಜಾಸ್ತಿ ಬಿಗಿದರೆ ಬೋಲ್ಟ್ ಮುರಿಯುತ್ತದೆ, ಇಲ್ಲವೇ ಅದು ಕೂರುವ ಅಲ್ಯೂಮಿನಿಯಂ ರಂಧ್ರದ ತಿರುಪು (ಥ್ರೆಡ್) ಕಿತ್ತುಬರುತ್ತದೆ. ನಡುವಿನಿಂದ ಶುರುಮಾಡಿ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಸಿಲಿಕಾನ್ ಪೇಸ್ಟ್ ಬಗ್ಗೆ ಒಂದು ಮಾತು. ಅದು ಬೇಕಾಗುವುದು ಗ್ಯಾಸ್ಕೆಟ್ ತಿರುವು ತೆಗೆದುಕೊಳ್ಳುವ ಮೂಲೆಗಳಲ್ಲಿ, ಮುಂದೆ ಮತ್ತು ಹಿಂದೆ ಕ್ಯಾಮ್ ದಂಡದ ಹಿಡಿಕೆ ಎಂಜಿನ್ ತಲೆಗೆ ಸೇರುವ ಕಡೆ, ಒಂದು ಸಣ್ಣ ಬೊಟ್ಟು. ಸುತ್ತಲೂ ದಪ್ಪಗೆ ಬಳಿದರೆ ಹೆಚ್ಚಾದದ್ದು ಒಳಗೆ ತುಂಡಾಗಿ ಬಿದ್ದು ಪಂಪಿನ ಜಾಲರಿಗೆ ಅಡ್ಡ ಬರುತ್ತದೆ. ಆಗ ಹನಿ ನಿಲ್ಲಿಸಲು ಹೋಗಿ ಎಂಜಿನ್ನಿಗೇ ಆಯಿಲ್ ಸಿಗದಂತೆ ಮಾಡಿದ ಹಾಗೆ.

ಎಂಜಿನ್ನಿಗೆ ಉಸಿರು ಕಟ್ಟಿದರೆ

ಎಲ್ಲ ಸೀಲುಗಳನ್ನು ಬದಲಿಸಿದ ಮೇಲೂ ಕೆಲವು ಕಾರುಗಳು ಸೋರುತ್ತವೆ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಸ್ವಲ್ಪ ಗಾಳಿ ಪಿಸ್ಟನ್ ಪಕ್ಕದಿಂದ ನುಸುಳಿ ಕೆಳಗೆ ಇಳಿಯುತ್ತದೆ. ಅದಕ್ಕೆ ಹೊರದಾರಿ ಬೇಕು. ಟ್ಯಾಪೆಟ್ ಕವರಿನ ಮೇಲೆ ಇರುವ ಪಿಸಿವಿ ವಾಲ್ವ್ ಆ ಗಾಳಿಯನ್ನು ಮತ್ತೆ ಉರಿಯಲು ಕಳಿಸುತ್ತದೆ. ಜಿಡ್ಡು ಕಟ್ಟಿ ಅದು ಮುಚ್ಚಿಹೋದರೆ ಒಳಗೆ ಒತ್ತಡ ಏರುತ್ತದೆ. ವಿಷಲ್ ಕಟ್ಟಿದ ಕುಕ್ಕರಿನ ಹಾಗೆ. ಆ ಒತ್ತಡ ಇರುವುದರಲ್ಲೇ ದುರ್ಬಲವಾದ ಸೀಲನ್ನು ಹುಡುಕಿ ಆಯಿಲ್ಲನ್ನು ಹೊರತಳ್ಳುತ್ತದೆ. ವಾಲ್ವನ್ನು ತೆಗೆದು ಅಲ್ಲಾಡಿಸಿದರೆ ಟಕಟಕ ಸದ್ದು ಬರಬೇಕು. ಬರದಿದ್ದರೆ ಬದಲಿಸಿ. ಅಗ್ಗದ ಭಾಗ. ಯಾವ ಸೀಲಿಗೂ ಕೈ ಹಾಕುವ ಮೊದಲು ಇದನ್ನು ನೋಡಿಬಿಡಿ.

ದೊಡ್ಡ ಕೆಲಸ ಬೇಕಾಗುವುದು ಯಾವಾಗ?

ಮುಂದಿನ ಕ್ಯಾಮ್ ಸೀಲುಗಳು, ಕ್ರ್ಯಾಂಕಿನ ಮುಂದಿನ ಸೀಲ್ ಇರುವುದು ಟೈಮಿಂಗ್ ಬೆಲ್ಟಿನ ಹಿಂದೆ. ಕ್ರ್ಯಾಂಕಿನ ಜೊತೆಗೆ ಕ್ಯಾಮ್ ದಂಡಗಳನ್ನು ತಿರುಗಿಸುವ ಬೆಲ್ಟ್ ಅದು. ಬೆಲ್ಟ್ ಬದಲಿಸುವ ಗಡುವು ಸುಮಾರು 96,000 ಕಿಲೋಮೀಟರ್. ಆ ಕೆಲಸಕ್ಕೆ ಹೇಗೂ ಎಲ್ಲ ಬಿಚ್ಚುತ್ತಾರೆ, ಸೀಲುಗಳನ್ನೂ ಅದೇ ದಿನ ಹಾಕಿಸಿ. ರಿಯರ್ ಮೈನ್ ಸೀಲ್ ನಿಜಕ್ಕೂ ಹೋಗಿದ್ದರೆ ಗೇರ್ ಬಾಕ್ಸ್ ಇಳಿಸದೆ ದಾರಿಯಿಲ್ಲ. ಒಸರುವುದು ಕಡಿಮೆ ಇದ್ದು, ಕ್ಲಚ್ ಒದ್ದೆಯಾಗಿ ಜಾರದಿದ್ದರೆ, ಕ್ಲಚ್ ಬದಲಿಸುವ ದಿನದವರೆಗೆ ಕಾಯುವವರು ಬಹಳ ಮಂದಿ. ಕೂಲಿ ಒಂದೇ ಸಲ ಕೊಟ್ಟಂತಾಗುತ್ತದೆ.

ಲೀಕ್ ನಿಲ್ಲಿಸುವ ಬಾಟಲಿ ದ್ರವಗಳು ರಬ್ಬರನ್ನು ಸ್ವಲ್ಪ ಉಬ್ಬಿಸಿ ಮೆದು ಮಾಡುತ್ತವೆ. ಗಟ್ಟಿಯಾದ ಸೀಲಿಗೆ ಕೆಲವು ಕಾಲ ನೆರವಾಗಬಹುದು. ಹರಿದ ರಬ್ಬರನ್ನು ಅವು ಹೊಲಿಯುವುದಿಲ್ಲ.

ಎಷ್ಟು ಸೋರಿದರೆ ಗಾಡಿ ನಿಲ್ಲಿಸಬೇಕು?

ಹನಿ ನೆಲದ ಮೇಲೆ ಅಗಲವಾಗಿ ಹರಡಿ ಹೆದರಿಸುತ್ತದೆ. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ರಾತ್ರಿಗೆ 20 ಹನಿ ಬಿದ್ದರೂ ತಿಂಗಳಿಗೆ 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ. ಆದರೆ ಇದು ನಿಂತಾಗಿನ ಲೆಕ್ಕ. ಓಡುವಾಗ ಜಾಸ್ತಿ ಹೋಗುತ್ತಿರಬಹುದು, ಅದು ರಸ್ತೆಯ ಮೇಲೆ ಬೀಳುವುದರಿಂದ ನಮಗೆ ಕಾಣುವುದಿಲ್ಲ. ನಂಬಬೇಕಾದದ್ದು ಡಿಪ್‌ಸ್ಟಿಕ್. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು, ವಾರಕ್ಕೊಮ್ಮೆ ನೋಡಿ ಬರೆದಿಡಿ. ಬಹುತೇಕ ಕಾರುಗಳಲ್ಲಿ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ಸುಮಾರು ಒಂದು ಲೀಟರ್ ಅಂತರ.

ಆಯಿಲ್ ಒತ್ತಡದ ಕೆಂಪು ದೀಪ ಓಡುವಾಗ ಹೊತ್ತಿದರೆ, ಒತ್ತಡ ತೋರಿಸುವ ಮುಳ್ಳು ಬಿದ್ದರೆ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಮನೆ ಹತ್ತಿರ ಇದೆ ಅಂತ ಮುಂದುವರಿಯಬೇಡಿ. ಫಿಲ್ಟರ್ ಬದಲಿಸಿದ ದಿನ ಇದು ಆಗುವುದುಂಟು. ಹಳೆಯ ಫಿಲ್ಟರಿನ ರಬ್ಬರ್ ಎಂಜಿನ್ನಿಗೇ ಅಂಟಿಕೊಂಡು ಉಳಿದು, ಹೊಸದರ ರಬ್ಬರ್ ಅದರ ಮೇಲೆ ಕೂತರೆ ಎಂಜಿನ್ ಶುರುಮಾಡಿದ ಕೂಡಲೇ ಆಯಿಲ್ ಚಿಮ್ಮುತ್ತದೆ. ಮಿಯಾಟಾದಲ್ಲಿ ಫಿಲ್ಟರ್ ಮರೆಯಲ್ಲಿದೆ, ಕಣ್ಣಿಗೆ ಕಾಣುವುದು ಕಷ್ಟ, ಆದ್ದರಿಂದ ಹಳೆಯದರ ರಬ್ಬರ್ ಅದರ ಜೊತೆಗೇ ಬಂತಾ ಎಂದು ಕೈಯಲ್ಲಿ ಹಿಡಿದು ನೋಡಿ. ಅದರ ಹತ್ತಿರವೇ ಇರುವ ಒತ್ತಡದ ಸೆನ್ಸರ್ ಕೂಡ ಸೋರುವ ಭಾಗ, ಅದೂ ಒತ್ತಡದ ಹಾದಿಯಲ್ಲೇ ಇದೆ.

ಮತ್ತೆ, ಬರಿಯ ಜಾಕಿಯನ್ನು ನಂಬಿ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಸ್ಟ್ಯಾಂಡ್ ಇಟ್ಟು, ಕಾರನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿಯೇ ಹೋಗಿ.

ಸರಿಯಾಯಿತು ಎಂದು ಗೊತ್ತಾಗುವುದು ಹೇಗೆ?

ಉಂಗುರ ಹಾಕಿದ ಮರುದಿನವೂ ತಮ್ಮನ ರಟ್ಟಿನ ಮೇಲೆ ಎರಡು ಹನಿ ಇದ್ದವು. ಬೇಜಾರಿನಿಂದ ಫೋಟೋ ಕಳಿಸಿದ. ಅದು ಕವಚದ ಮೂಲೆಗಳಲ್ಲಿ ನಿಂತಿದ್ದ ಹಳೆಯ ಆಯಿಲ್. ರಿಪೇರಿ ಆದ ಮೇಲೂ ಕೆಲವು ದಿನ ಅದು ಇಳಿಯುತ್ತಲೇ ಇರುತ್ತದೆ. ಅದಕ್ಕೇ ರಿಪೇರಿ ಮುಗಿದ ಮೇಲೆ ಎಂಜಿನ್‌ನ ಬೆನ್ನನ್ನೂ ಕವಚವನ್ನೂ ಇನ್ನೊಮ್ಮೆ ಬ್ರೇಕ್ ಕ್ಲೀನರಿನಿಂದ ತೊಳೆಯಬೇಕು, ಹೊಸ ರಟ್ಟು ಹಾಸಬೇಕು, ನೂರು ಕಿಲೋಮೀಟರ್ ಆದ ಮೇಲೆ ಯುವಿ ಟಾರ್ಚ್ ಬಿಟ್ಟು ಮತ್ತೆ ನೋಡಬೇಕು.

ಅವನು ಹಾಗೆಯೇ ಮಾಡಿದ. ನಾಲ್ಕನೇ ದಿನದ ರಟ್ಟಿನ ಮೇಲೆ ಒಂದೇ ಒಂದು ಕಲೆ ಇತ್ತು, ಏಸಿಯ ನೀರಿನದು.